ಅಕ್ಕನ ಮನೆಯ ಸಸ್ಯಾಹಾರಿ ಮೀನು

ದಸರೆಗೆಂದು ಮೈಸೂರಿಗೆ ಹೋದವರು ಅರಮನೆಯ ದೀಪ, ಜಂಬೂಸವಾರಿ, ವಸ್ತುಪ್ರದರ್ಶನ ನೋಡಿಕೊಂಡು ಬರುವುದು ವಾಡಿಕೆ. ನಾನು ಮಾತ್ರ ಹೋದ ವರ್ಷ ಒಂದು ಮೀನನ್ನು ನೋಡಿ, ಅದರ ಚಿಂತೆಯನ್ನು ತಲೆಗೆ ಹಚ್ಚಿಕೊಂಡು ಊರಿಗೆ ಮರಳಿದೆ!

ಅಕ್ಕನ ಮನೆ ಇರುವುದು ಸರಸ್ವತೀಪುರಂನಲ್ಲಿ. ಹಜಾರದಲ್ಲಿ ಎಂದಿನಂತೆ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸಿದ್ದಳು. ಪಟ್ಟದ ರಾಜ-ರಾಣಿ, ಶೆಟ್ಟಿ-ಶೆಟ್ಟಮ್ಮನ ಅಂಗಡಿ, ಮದುವೆ ದಿಬ್ಬಣ ಎಲ್ಲವೂ ಇದ್ದವು. ಆದರೆ ಎದುರು ಗೋಡೆಗೆ ಹೊಂದಿಕೊಂಡು ಐದಡಿ ಉದ್ದದ ಗಾಜಿನ ತೊಟ್ಟಿಯೊಂದು ಬಂದು ಕೂತಿತ್ತು. ಅದರೊಳಗೆ ಅಂಗೈಯಗಲದ ಒಂದು ಮೀನು. ಆಕಾಶನೀಲಿ ಮೈ, ಬೆನ್ನಿನುದ್ದಕ್ಕೂ ಹಳದಿ, ಕಪ್ಪು ಮುಖ, ಗಲ್ಲದ ಕೆಳಗೆ ಬೆಳ್ಳನೆಯ ಪಟ್ಟಿ.

"ನೀಲಿ ರೇಷ್ಮೆ ಸೀರೆಗೆ ಹಳದಿ ಅಂಚು ಇಟ್ಟ ಹಾಗಿದೆ ಅಕ್ಕಾ!" ಎಂದೆ.

ಅಕ್ಕ ನಗಲಿಲ್ಲ. "ಅಂಚು ಆಮೇಲೆ ನೋಡುವೆಯಂತೆ. ಅದರ ಹೊಟ್ಟೆ ನೋಡೇ" ಎಂದಳು.

ನೋಡಿದೆ. ಹೊಟ್ಟೆ ಒಳಕ್ಕೆ ಅಂಟಿಕೊಂಡಿತ್ತು. ಎದುರಿನಿಂದ ನೋಡಿದರೆ ಮೀನು ಈಳಿಗೆಮಣೆಯ ಅಲಗಿನಷ್ಟು ತೆಳುವಾಗಿ ಕಾಣುತ್ತಿತ್ತು.

ಈ ತೊಟ್ಟಿ ಅಕ್ಕನ ಮಗನ ಹುಚ್ಚು. ಮೂರು ವರ್ಷ ಮುದ್ದಿನಿಂದ ಸಾಕಿದ. ಕೆಲಸ ಸಿಕ್ಕಿತೆಂದು ಜರ್ಮನಿಗೆ ಹೊರಟುಹೋದ. ತಂದವನು ಮಗ, ಸಾಕಬೇಕಾದವಳು ತಾಯಿ! ನಾಯಿಮರಿಯಾಗಲಿ, ಬೆಕ್ಕಿನ ಮರಿಯಾಗಲಿ, ಹಿತ್ತಲಿನ ಗುಲಾಬಿ ಗಿಡವಾಗಲಿ, ನಮ್ಮ ನಿಮ್ಮೆಲ್ಲರ ಮನೆಗಳಲ್ಲೂ ಕಥೆ ಇದೇ ತಾನೆ? ಅದರಲ್ಲೂ ಅಕ್ಕ ಮೀನಿನ ಮಾರುಕಟ್ಟೆಯ ಕಡೆ ಸುಳಿದರೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುವವಳು.

ಉಪ್ಪುನೀರಿನ ಸಂಸಾರ

ಭಾವ ನಿವೃತ್ತ ಮೇಷ್ಟ್ರು. ತೊಟ್ಟಿಯ ಪಾಠವನ್ನು ನನಗೆ ಅವರೇ ಹೇಳಿಕೊಟ್ಟರು. ಈ ಮೀನಿಗೆ ಪೌಡರ್ ಬ್ಲೂ ಟ್ಯಾಂಗ್ ಎಂದು ಹೆಸರು. 'ಸರ್ಜನ್ ಮೀನು'ಗಳೆಂಬ ಕುಲಕ್ಕೆ ಸೇರಿದ್ದು. ಬಾಲದ ಬುಡದಲ್ಲಿ ಎರಡೂ ಕಡೆ ಶಸ್ತ್ರವೈದ್ಯರ ಚಾಕುವಿನಂಥ ಹರಿತವಾದ ಮುಳ್ಳಿರುವುದರಿಂದ ಆ ಹೆಸರು. ಲಕ್ಷದ್ವೀಪ, ಮಾಲ್ಡೀವ್ಸ್‌ನಂಥ ಹಿಂದೂ ಮಹಾಸಾಗರದ ಹವಳದ ದಿಬ್ಬಗಳು ಇದರ ತವರು. ಅಲ್ಲಿಂದ ಮೈಸೂರಿಗೆ ಬಂದು ಬಿದ್ದಿದೆ.

ಕಡಲ ಮೀನಿಗೆ ಕಡಲ ನೀರೇ ಆಗಬೇಕಷ್ಟೆ. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅಕ್ಕನ ಮನೆಯ ತೊಟ್ಟಿ 400 ಲೀಟರಿನದು. ಲೆಕ್ಕ ಹಾಕಿ ನೋಡಿ, 14 ಕಿಲೋ ಉಪ್ಪು! ಅಡಿಗೆಮನೆಯ ಉಪ್ಪು ನಡೆಯುವುದಿಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ ಮುಂತಾದವು ಹದವಾಗಿ ಬೆರೆತ ಬೇರೆಯೇ ಉಪ್ಪಿನ ಪುಡಿ ಬರುತ್ತದೆ. ವಾರಕ್ಕೊಮ್ಮೆ 40 ಲೀಟರು ನೀರು ತೆಗೆದು, 1 ಕಿಲೋ 400 ಗ್ರಾಂ ಪುಡಿ ಕರಗಿಸಿದ ಹೊಸ ನೀರು ತುಂಬಬೇಕು. ನಡುವೆ ನೀರು ಆವಿಯಾಗಿ ಇಳಿದರೆ ಸಿಹಿನೀರನ್ನೇ ಹಾಕಬೇಕು. ಏಕೆಂದರೆ ಆರಿಹೋಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿದಿರುತ್ತದೆ. ಸಾರು ಕುದಿದು ಬತ್ತಿದಾಗ ನಾವು ಬರಿಯ ನೀರು ಸೇರಿಸುವುದಿಲ್ಲವೇ, ಹಾಗೆ.

"ಇದರಲ್ಲಿ ಹವಳ ಇಲ್ಲವೇ ಭಾವ?" ಎಂದು ಕೇಳಿದೆ.

"ಹವಳ, ಕಡಲ್ಗುದುರೆ ಎಲ್ಲಾ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗೆ ಬರ್ತವಮ್ಮ. ಮನೇಲಿ ಇಟ್ಕೊಳ್ಳೋ ಹಾಗಿಲ್ಲ. ಇವು ಬರೀ ಮಾಡಿದ ಕಲ್ಲು" ಎಂದರು.

ತೊಟ್ಟಿಯಲ್ಲಿ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಕ್ಲೌನ್ ಮೀನೊಂದೂ ಇತ್ತು. ಮೊದಲು ಎರಡಿದ್ದವಂತೆ. "ಇನ್ನೊಂದು?" ಎಂದು ಕೇಳಿದಾಗ ಅಕ್ಕನ ಮುಖ ಸಪ್ಪಗಾಯಿತು.

ತವರಿನ ಸೊಪ್ಪು

ವಿಷಯ ಇಷ್ಟು. ಈ ನೀಲಿ ಮೀನು ಬಹುಮಟ್ಟಿಗೆ ಸಸ್ಯಾಹಾರಿ! ಕಡಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಂಡೆಯಿಂದ ಬಂಡೆಗೆ ಹೋಗಿ ಪಾಚಿಯನ್ನು ಕಚ್ಚಿ ಕಚ್ಚಿ ತಿನ್ನುತ್ತಿರುತ್ತದೆ. ಹಸು ಮೇಯ್ದ ಹಾಗೆ. ಪುಟ್ಟ ಬಾಯಿ, ಉದ್ದನೆಯ ಕರುಳು. ಹೊತ್ತಿಗೊಮ್ಮೆ ಒಂದು ಹಿಡಿ ಎಸೆದರೆ ಸಾಲದು. ದಿನವೆಲ್ಲಾ ಸ್ವಲ್ಪ ಸ್ವಲ್ಪ ಮೇಯಲು ಸಿಗಬೇಕು. ಅಂಗಡಿಯಲ್ಲಿ ಸಿಗುವ ಕಾಳುಗಳಲ್ಲಿ ಹೆಚ್ಚಿನವು ಮೀನು-ಸೀಗಡಿಯ ಪುಡಿಯಿಂದ ಮಾಡಿದವು. ಅವು ಕ್ಲೌನ್ ಮೀನಿಗೆ ಒಗ್ಗಿದವು, ಇದಕ್ಕೆ ಸಾಲದಾದವು.

ಅಕ್ಕ ಸುಮ್ಮನೆ ಕೂರಲಿಲ್ಲ. ದೇವರಾಜ ಮಾರುಕಟ್ಟೆಯಿಂದ ಪಾಲಕ್ ಸೊಪ್ಪು ತಂದು, ಕುದಿವ ನೀರಿನಲ್ಲಿ ಬಾಡಿಸಿ, ಕಲ್ಲಿಗೆ ಕಟ್ಟಿ ಇಳಿಬಿಟ್ಟಳು. ಅದು ಒಂದೆರಡು ಬಾರಿ ಕಚ್ಚಿ ಬಿಟ್ಟಿತು. ನೆಲದ ಸೊಪ್ಪು ಆಪತ್ತಿಗಾದೀತು. ಅಯೋಡಿನ್ ಮೊದಲಾದ ಕಡಲ ಸತ್ವ ಅದರಲ್ಲೆಲ್ಲಿ ಬರಬೇಕು? ಮದುವೆಯಾಗಿ ದೂರದೂರಿಗೆ ಹೋದ ಹೆಣ್ಣುಮಗಳು ತವರಿನ ಸಾರಿಗೆ ಹಂಬಲಿಸುವುದನ್ನು ನಾವು ಬಲ್ಲೆವಲ್ಲ!

ಮಗ ಇದ್ದಾಗ 'ನೋರಿ' ಎಂಬ ಹಾಳೆ ಹಾಕುತ್ತಿದ್ದ. ಜಪಾನೀಯರು ಅನ್ನ ಸುತ್ತಿ ತಿನ್ನುವ, ಕಾಗದದಂಥ ಕಡಲ ಪಾಚಿಯ ಹಾಳೆ ಅದು. ಅಕ್ಕ ದೊಡ್ಡ ಅಂಗಡಿಯೊಂದಕ್ಕೆ ಹೋಗಿ ತಂದೂ ತಂದಳು. ಪುಣ್ಯಕ್ಕೆ ಭಾವ ಕನ್ನಡಕ ಹಾಕಿಕೊಂಡು ಸಣ್ಣಕ್ಷರ ಓದಿದರು: ಎಣ್ಣೆ, ಉಪ್ಪು, ಖಾರ! ಹುರಿದು ಒಗ್ಗರಣೆ ಕೊಟ್ಟ ತಿಂಡಿ ಅದು. ಮೀನಿಗೆ ಏನೂ ಬೆರೆಸದ ಹಾಳೆಯೇ ಆಗಬೇಕು. ಅದು ಸಿಕ್ಕಿದಾಗ ದುಬಾರಿ, ಬೇಕೆಂದಾಗ ಇಲ್ಲ.

ಈ ನೋರಿಯ ಹಿಂದೆ ಒಬ್ಬ ಹೆಣ್ಣುಮಗಳ ಕಥೆಯಿದೆ. ಇಂಗ್ಲೆಂಡಿನ ಕ್ಯಾಥ್ಲೀನ್ ಡ್ರೂ-ಬೇಕರ್ ಎಂಬಾಕೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಪಾಚಿಗಳನ್ನು ಅಭ್ಯಾಸ ಮಾಡುತ್ತಿದ್ದವರು. ಮದುವೆಯಾದ ಹೆಂಗಸರಿಗೆ ಅಲ್ಲಿ ಆಗ ಕೆಲಸವಿರಲಿಲ್ಲ. ಉದ್ಯೋಗ ಕಳೆದುಕೊಂಡರೂ ಆಕೆ ಸಂಶೋಧನೆ ಬಿಡಲಿಲ್ಲ. ಚಿಪ್ಪುಗಳೊಳಗೆ ಕಾಣುವ ನಸುಗೆಂಪು ಎಳೆಗಳು ಬೇರೆ ಸಸ್ಯವಲ್ಲ, ನೋರಿ ಜಾತಿಯ ಪಾಚಿಯದೇ ಬಾಲ್ಯಾವಸ್ಥೆ ಎಂದು 1949ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಜಪಾನಿನವರಿಗೆ ನೋರಿಯ ಬೀಜ ಎಲ್ಲಿಂದ ಬರುತ್ತದೆಂದೇ ತಿಳಿದಿರಲಿಲ್ಲ. ಆಮೇಲೆ ಅದನ್ನು ಬೆಳೆಯಂತೆ ಬಿತ್ತಿ ಬೆಳೆದರು. 1963ರಲ್ಲಿ ಕುಮಾಮೊಟೊ ಸೀಮೆಯ ಉಟೊ ಎಂಬಲ್ಲಿ ಆಕೆಗೆ ಸ್ಮಾರಕ ಕಟ್ಟಿ, 'ಕಡಲ ತಾಯಿ' ಎಂದು ಕರೆದು, ಪ್ರತಿವರ್ಷ ಏಪ್ರಿಲ್ 14ರಂದು ನೆನೆಯುತ್ತಾರೆ. ಆಕೆ ಜಪಾನನ್ನು ಕಣ್ಣಿನಿಂದಲೂ ಕಂಡವರಲ್ಲ!

ಪಾಚಿ ಎಂದರೆ ಮೂಗು ಮುರಿಯಬೇಡಿ. ನಾವು ಹಾಲು-ಸಕ್ಕರೆ ಹಾಕಿ ಪುಡಿಂಗ್ ಮಾಡುವ ಚೈನಾಗ್ರಾಸ್ ಎಲ್ಲಿಯದೆಂದುಕೊಂಡಿರಿ? ಅದೂ ಕಡಲ ಪಾಚಿಯಿಂದ ತೆಗೆದದ್ದೇ. ರಾಮೇಶ್ವರದ ಬಳಿಯ ಮನ್ನಾರ್ ಕೊಲ್ಲಿಯಲ್ಲಿ ಮೀನುಗಾರ ಹೆಂಗಸರು ಬೆರಳಿಗೆ ಬಟ್ಟೆ ಸುತ್ತಿಕೊಂಡು, ಉಸಿರು ಬಿಗಿಹಿಡಿದು ಮುಳುಗಿ ಅದನ್ನು ಕಿತ್ತು ತರುತ್ತಾರೆ. ಮೈಸೂರಿಗೂ ಪಾಚಿ ಹೊಸದಲ್ಲ. ಕೆ.ಆರ್.ಎಸ್. ರಸ್ತೆಯ ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಲ್ಲಿ ಆರಂಭವಾದ ಸಿ.ಎಫ್.ಟಿ.ಆರ್.ಐ. ಸಂಸ್ಥೆಯವರು ಸ್ಪಿರುಲಿನಾ ಎಂಬ ಸೂಕ್ಷ್ಮ ಪಾಚಿಯನ್ನು ದಶಕಗಳ ಕಾಲ ಬೆಳೆಸಿ, ಮಕ್ಕಳಿಗೆಂದು ಅದನ್ನು ಬೆರೆಸಿದ ಚಿಕ್ಕಿಯನ್ನೂ ರೂಪಿಸಿದ್ದಾರೆ. ಮೀನಿನ ಕಾಳುಗಳಲ್ಲೂ ಸ್ಪಿರುಲಿನಾ ಸೇರಿಸುವುದುಂಟು.

ಶಿವರಾತ್ರಿಯ ತಪ್ಪು

ಹಾಗಾದರೆ ನಮ್ಮ ಕರಾವಳಿಯ ಪಾಚಿಯನ್ನೇ ತಂದು ಹಾಕಬಾರದೇಕೆ? ಹಾಕಿದ್ದಳು ಅಕ್ಕ. ಅಲ್ಲೇ ಪೆಟ್ಟು ತಿಂದದ್ದು.

ಹಿಂದಿನ ಶಿವರಾತ್ರಿಯ ಹೊತ್ತಿಗೆ ನೆಂಟರೊಬ್ಬರು ಬರುವಾಗ ಒಂದು ಚೀಲ ಹಸಿರು ಪಾಚಿ ತಂದುಕೊಟ್ಟರಂತೆ. ಎಲ್ಲಿಂದ ಕಿತ್ತದ್ದೆಂದು ಕೇಳಿದರೆ, ದೋಣಿ ನಿಲ್ಲುವ ಧಕ್ಕೆಯ ಗೋಡೆಯಿಂದ! ಅಕ್ಕ ಆಸೆಯಿಂದ ಎರಡು ಹಿಡಿ ತೊಟ್ಟಿಗೆ ಹಾಕಿ, ಜಾಗರಣೆಗೆಂದು ಭಾವನ ಜೊತೆ ನಂಜನಗೂಡಿಗೆ ಹೋದಳು. ಮರುದಿನ ಬಂದು ನೋಡುತ್ತಾಳೆ, ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತೆ ಬಿಳಿಚಿಕೊಂಡಿದೆ, ಕೆಟ್ಟ ವಾಸನೆ. ಒಂದು ಕ್ಲೌನ್ ಮೀನು ಸತ್ತು ತೇಲುತ್ತಿದೆ. ತಿಂದು ಮಿಕ್ಕ ಪಾಚಿ ಕೊಳೆತು ನೀರಿನಲ್ಲಿ ಅಮೋನಿಯ ಏರಿ, ಉಸಿರಾಟದ ಗಾಳಿ ಇಳಿದುಹೋಗಿತ್ತು.

"ತಪ್ಪು ನನ್ನದೇ ಕಣೇ. ದೇವಸ್ಥಾನದಲ್ಲಿ ಎದ್ದಿದ್ದೆ, ಮನೇಲಿ ಜೀವ ಹೋಗ್ತಿತ್ತು" ಎಂದಳು ಅಕ್ಕ. ಆಮೇಲೆ ಪಾಚಿಯ ಹೆಸರೆತ್ತಿದರೆ ಅವಳಿಗೆ ನಡುಕ. ಹೀಗೆ ಆರೇಳು ತಿಂಗಳು ಕಳೆಯುವುದರೊಳಗೆ ನೀಲಿ ಮೀನು ಸೊರಗಿಹೋಗಿತ್ತು.

ವಿಜಯದಶಮಿಯ ರಾತ್ರಿ ಮಗನ ಫೋನು ಬಂದಾಗ ಅಕ್ಕ ಮನಸ್ಸಿನಲ್ಲಿದ್ದುದನ್ನು ಆಡಿಯೇಬಿಟ್ಟಳು: "ಇದನ್ನ ತಗೊಂಡ್ಹೋಗಿ ಸಮುದ್ರಕ್ಕೇ ಬಿಟ್ಟುಬಿಡ್ತೀನಿ ಕಣೋ. ಅದರ ಮನೆಗೆ ಅದು ಹೋಗಲಿ."

ಆ ಕಡೆಯಿಂದ ಹುಡುಗ ಗಾಬರಿಯಾದ. "ಬೇಡಮ್ಮ! ಅದು ಹವಳದ ದಿಬ್ಬದ ಮೀನು, ನಮ್ಮ ದಡದಲ್ಲಿ ಬದುಕೋ ಭರವಸೆ ಇಲ್ಲ. ತೊಟ್ಟಿಯಲ್ಲಿ ಅಂಟಿದ ರೋಗ ಏನಾದರೂ ಇದ್ದರೆ ಅಲ್ಲಿನ ಮೀನಿಗೂ ಹಬ್ಬುತ್ತೆ" ಎಂದ. ತೊಟ್ಟಿಗಳಿಗೆಂದು ಸಾಕಿದ ಕಾಲರ್ಪ ಎಂಬ ಪಾಚಿ 1984ರಲ್ಲಿ ಮೊನಾಕೊ ದೇಶದ ಕಡಲ ವಸ್ತುಸಂಗ್ರಹಾಲಯದ ಕೆಳಗಿನ ಸಮುದ್ರದಲ್ಲಿ ಪುಟ್ಟ ತೇಪೆಯಷ್ಟು ಕಾಣಿಸಿಕೊಂಡು, ಮುಂದೆ ಮೆಡಿಟರೇನಿಯನ್ ತೀರದಲ್ಲಿ ಎಕರೆಗಟ್ಟಲೆ ಹಬ್ಬಿ ಅಲ್ಲಿನ ಸಸ್ಯಗಳನ್ನು ಒತ್ತರಿಸಿದ ಸಂಗತಿಯನ್ನೂ ಹೇಳಿದ. ತೊಟ್ಟಿಗೆ ಬಂದದ್ದು ಕಡಲಿಗೆ ಹಿಂದಿರುಗುವಂತಿಲ್ಲ.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸರಿ, ಅದು ಹೋಗೋ ಹಾಗಿಲ್ಲ ಅಂದ್ರೆ ನಾನೇ ಹೋಗಿ ತರಬೇಕು. ನೀನೂ ಬಾರೇ" ಎಂದಳು ನನಗೆ.

ಕಾಪುವಿನ ಬಂಡೆಗಳ ಮೇಲೆ

ಮಳೆಗಾಲದ ಅಬ್ಬರದಲ್ಲಿ ಬಂಡೆಗಳ ಪಾಚಿ ಕೊಚ್ಚಿಹೋಗಿರುತ್ತದೆ. ಮಳೆ ನಿಂತು ನೀರು ತಿಳಿಯಾದ ಮೇಲೆ, ಚಳಿಗಾಲದಲ್ಲಿ ಸೊಂಪಾಗಿ ಬೆಳೆಯುತ್ತದೆ. ಭಾವ ಪಂಚಾಂಗ ತೆಗೆದು ಡಿಸೆಂಬರಿನ ಅಮಾವಾಸ್ಯೆ ನೋಡಿದರು. ಅಮಾವಾಸ್ಯೆ-ಹುಣ್ಣಿಮೆಗಳ ಆಸುಪಾಸಿನಲ್ಲಿ ಸಮುದ್ರದ ಇಳಿತ ಹೆಚ್ಚು, ಬಂಡೆಗಳು ತೆರೆದುಕೊಳ್ಳುತ್ತವೆ. ಪಂಚಾಂಗ ಮೀನಿಗೂ ಉಪಯೋಗಕ್ಕೆ ಬಂತೆಂದು ನಾವು ನಕ್ಕಿದ್ದೇ ನಕ್ಕಿದ್ದು.

ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಮಡಿಕೇರಿ ಸೇರುವಾಗ ಕಾಫಿ ತೋಟಗಳಲ್ಲಿ ಹಣ್ಣು ಕೆಂಪಾಗಿತ್ತು. ಸಂಪಾಜೆ ಘಟ್ಟ ಇಳಿದು, ಸುಳ್ಯ, ಪುತ್ತೂರಿನ ಮೇಲೆ ಮಂಗಳೂರು. ಮೈಸೂರಿನಿಂದ ಅಲ್ಲಿಗೆ ಸುಮಾರು 250 ಕಿಲೋಮೀಟರು. ಅಲ್ಲಿಂದ ಉಡುಪಿಯ ದಾರಿಯಲ್ಲಿ ಕಾಪು. ದೊಡ್ಡ ಬಂದರುಗಳಿಂದ ದೂರವಿರುವ ಕಲ್ಲಿನ ತೀರ ಬೇಕೆಂದೇ ಭಾವ ಇದನ್ನು ಆರಿಸಿದ್ದರು. ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಇಂದಿಗೂ ಗಂಭೀರವಾಗಿ ನಿಂತಿದೆ.

ಬೆಳಕು ಹರಿಯುವ ಹೊತ್ತಿಗೆ ಬಂಡೆಗಳ ಬಳಿ ಹೋದೆವು. ಆಹಾ, ಯಾರೋ ಪಾಲಕ್ ಸೊಪ್ಪು ತೊಳೆದು ಹರವಿದ ಹಾಗಿತ್ತು! ಅದೇ ಉಲ್ವಾ, ಕಡಲ ಲೆಟಿಸ್. ಬೆರಳಿಗೆ ತೆಗೆದುಕೊಂಡರೆ ಎಣ್ಣೆ ಸವರಿದ ಕಾಗದದಂತೆ ಆಚೆಯದು ಕಾಣುತ್ತದೆ. ಅದರ ದಪ್ಪ ಎರಡೇ ಜೀವಕೋಶಗಳಷ್ಟು. ಅಲ್ಲಲ್ಲಿ ಕೆಂಪು ಗೊಂಚಲಿನ ಗ್ರಾಸಿಲೇರಿಯ. ನೀರಿನಂಚಿನಲ್ಲಿ ಮಣಿಯಂಥ ಗಾಳಿಗುಳ್ಳೆಗಳ ಕಂದು ಸರ್ಗಾಸಮ್.

ಅಕ್ಕ ಸೀರೆ ಎತ್ತಿಕಟ್ಟಿ, ಕತ್ತರಿ ಹಿಡಿದು ಬಗ್ಗಿದಳು. ಆ ಕಡೆಯಿಂದ ಬುಟ್ಟಿ ಹಿಡಿದು ಹೋಗುತ್ತಿದ್ದ ಮೀನುಗಾರ ಹೆಂಗಸೊಬ್ಬರು ನಿಂತು, "ಎಂತಕ್ಕಾ ಅದು? ಪಲ್ಯ ಮಾಡ್ಲಿಕ್ಕಾ?" ಎಂದರು.

"ಇಲ್ಲಮ್ಮ, ಮೀನಿಗೆ."

"ಮೀನಿಗಾ! ನಾವು ಮೀನು ಹಿಡ್ದು ಊಟ ಮಾಡ್ತೇವೆ. ನೀವು ಮೀನಿಗೆ ಊಟ ಹಾಕ್ಲಿಕ್ಕೆ ಮೈಸೂರಿಂದ ಬಂದದ್ದಾ?" ಎಂದು ಆಕೆ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ ಬುಟ್ಟಿ ಇಳಿಸಿ ಹತ್ತಿರ ಬಂದರು. "ಆ ತೋಡಿನ ಬಾಯಿಯ ಹತ್ರದ್ದು ಬೇಡ. ಊರಿನ ಕೊಳೆ ನೀರು ಅಲ್ಲೇ ಬರ್ತದೆ. ಇತ್ಲಾಗಿ ಬನ್ನಿ. ಕಡಲಿಗೆ ಬೆನ್ನು ಹಾಕ್ಬೇಡಿ" ಎಂದು ಕೈ ಹಿಡಿದು ಬೇರೆ ಬಂಡೆಗೆ ಕರೆದೊಯ್ದರು. ಒಳ್ಳೆಯ ಗುರು ಸಿಕ್ಕ ಹಾಗಾಯಿತು. ಪಾಚಿ ತಾನಿರುವ ನೀರಿನಲ್ಲಿದ್ದುದನ್ನೆಲ್ಲ ಹೀರಿಕೊಳ್ಳುತ್ತದೆ. ದೋಣಿಯ ಬಣ್ಣದ ತಾಮ್ರ, ಡೀಸೆಲ್, ಚರಂಡಿಯ ಕೊಳೆ ಎಲ್ಲವೂ ಮೀನಿನ ಹೊಟ್ಟೆಗೆ ಹೋಗುತ್ತದೆ.

ಒಂದೇ ಕಡೆ ಬೋಳಿಸದೆ, ಒಂದೊಂದು ಬಂಡೆಯಿಂದ ಸ್ವಲ್ಪ ಸ್ವಲ್ಪ, ಬುಡ ಬಿಟ್ಟು ತುದಿಯನ್ನಷ್ಟೇ ಕತ್ತರಿಸಿದೆವು. ಬುಡವಿದ್ದರೆ ಮತ್ತೆ ಚಿಗುರುತ್ತದೆ. ಎರಡು ಪುಟ್ಟ ಬಟ್ಟೆ ಚೀಲ ತುಂಬಿದ ಮೇಲೆ ಅಕ್ಕ, "ಸಾಕು, ಇಲ್ಲಿನವಕ್ಕೂ ಇರಲಿ" ಎಂದಳು.

ಸಂಡಿಗೆಯ ಹಾಗೆ ಒಣಗಿಸಿ

ಅಲ್ಲೇ ಬಕೆಟ್ಟಿನಲ್ಲಿ ಕಡಲ ನೀರು ತುಂಬಿ ಪಾಚಿಯನ್ನು ಜಾಲಾಡಿಸಿದೆವು. ಉದ್ದಿನಕಾಳಿನಷ್ಟು ಏಡಿಗಳು, ಜಿಗಿಯುವ ಸೀಗಡಿಯಂಥ ಹುಳುಗಳು ಎಷ್ಟೊಂದು ಉದುರಿದವು! ಅವನ್ನೆಲ್ಲ ಬಂಡೆಯ ಗುಂಡಿಗೇ ಸುರಿದೆವು. ಪಾಚಿಯನ್ನು ಒದ್ದೆ ಕಾಗದದಲ್ಲಿ ಸುತ್ತಿ ಐಸ್ ತುಂಬಿದ ಡಬ್ಬಿಯಲ್ಲಿಟ್ಟು ತಂದೆವು. ಬಿಸಿಲಿಗೆ ಬಿಟ್ಟರೆ ಕೊತ್ತಂಬರಿ ಸೊಪ್ಪಿಗಿಂತ ಬೇಗ ಕೊಳೆಯುತ್ತದೆ.

ಮನೆಗೆ ಬಂದು ಸಿಹಿನೀರಿನಲ್ಲಿ ಕೆಲವು ನಿಮಿಷ ನೆನೆಸಿ, ಎರಡು ಮೂರು ಸಲ ತೊಳೆದಳು. ಕಡಲ ಹುಳುಗಳು ಉಳಿದಿದ್ದರೆ ಸಿಹಿನೀರಿನಲ್ಲಿ ಬಹುಮಟ್ಟಿಗೆ ಸಾಯುತ್ತವೆ. ಅರ್ಧ ಪಾಲನ್ನು ದಿನಕ್ಕಿಷ್ಟೆಂದು ಪುಟ್ಟ ಪೊಟ್ಟಣ ಮಾಡಿ ಫ್ರೀಜರಿನಲ್ಲಿಟ್ಟಳು. ಉಳಿದರ್ಧವನ್ನು ತಾರಸಿಯ ಮೇಲೆ ನೆರಳಿನಲ್ಲಿ, ಬಿಳಿ ಪಂಚೆಯ ಮೇಲೆ ಸಂಡಿಗೆಯ ಹಾಗೆ ಹರವಿ ಒಣಗಿಸಿದಳು. ಗರಿಗರಿಯಾದ ಮೇಲೆ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿದಳು.

ಮೊದಲ ದಿನ ಬೆರಳುದ್ದದ ಚೂರನ್ನು ರಬ್ಬರ್ ಬ್ಯಾಂಡಿನಿಂದ ಕಲ್ಲಿಗೆ ಕಟ್ಟಿ ಇಳಿಬಿಟ್ಟಳು. ಮೀನು ಹತ್ತಿರ ಬಂತು, ನೋಡಿತು, ಹೋಯಿತು. ಮೂರು ಗಂಟೆಯಾದ ಮೇಲೆ ಅಕ್ಕ ಚೂರನ್ನು ಹೊರತೆಗೆದಳು. ಶಿವರಾತ್ರಿಯ ಪಾಠ! ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ನಾವು ಕಾಫಿ ಕುಡಿಯುತ್ತಿದ್ದಾಗ ಭಾವ ಪಿಸುಗುಟ್ಟಿದರು, "ನೋಡಿ, ನೋಡಿ!" ಮೀನು ಸೊಪ್ಪಿನ ಅಂಚನ್ನು ಹಿಡಿದು, ತಲೆ ಒದರಿ ಒದರಿ ಹರಿಯುತ್ತಿತ್ತು. ಅಕ್ಕನ ಲೋಟದ ಕಾಫಿ ಆರಿಹೋಯಿತು.

ಮನೆಯಲ್ಲಿ ಇಂಥ ತೊಟ್ಟಿ ಇಟ್ಟುಕೊಂಡವರಿಗೆ ಅಕ್ಕನ ಅನುಭವದಿಂದ ನಾಲ್ಕು ಮಾತು:

1. ಬಂದರು, ಕಾರ್ಖಾನೆ, ಚರಂಡಿ, ನದಿಯ ಬಾಯಿಗಳ ಬಳಿಯ ಪಾಚಿ ಬೇಡ. ದಡಕ್ಕೆ ಬಿದ್ದು ಕೊಳೆತದ್ದು ಬೇಡವೇ ಬೇಡ.

2. ರಕ್ಷಿತ ಪ್ರದೇಶಗಳಲ್ಲಿ ಏನನ್ನೂ ಕೀಳಬಾರದು. ಜಾರುವ ಬಂಡೆಗೆ ಒಬ್ಬರೇ ಹೋಗಬೇಡಿ.

3. ಮೊದಲು ಚೂರೇ ಚೂರು ಕೊಟ್ಟು ನೋಡಿ. ಮಿಕ್ಕದ್ದನ್ನು ಮೂರು ನಾಲ್ಕು ಗಂಟೆಯೊಳಗೆ ತೆಗೆಯಿರಿ. ಮನೆ ಬಿಟ್ಟು ಹೋಗುವ ದಿನ ಹಾಕಲೇಬೇಡಿ.

4. ತೊಟ್ಟಿಯ ಮೀನನ್ನಾಗಲಿ, ಪಾಚಿಯನ್ನಾಗಲಿ ಕೆರೆ-ಹೊಳೆ-ಕಡಲಿಗೆ ಬಿಡಬೇಡಿ.

ಯುಗಾದಿಗೆ ಮತ್ತೆ ಮೈಸೂರಿಗೆ ಹೋಗಿದ್ದೆ. ನೀಲಿ ಮೀನಿನ ಹೊಟ್ಟೆ ತುಂಬಿಕೊಂಡು ದುಂಡಗಾಗಿತ್ತು. ಹಳದಿ ಅಂಚಿಗೂ ಕಳೆ ಬಂದಿತ್ತು. ಅಂದು ಮಗನ ಫೋನು ಬಂದಾಗ, "ಅಮ್ಮಾ, ಬರುವಾಗ ಇದಕ್ಕೊಂದು ಜೊತೆ ತರಲಾ?" ಎಂದು ಕೇಳಿದ.

"ಬೇಡಪ್ಪ" ಎಂದಳು ಅಕ್ಕ. "ಇಂಥವು ಹತ್ತು ಹದಿನೈದು ವರ್ಷ ಬದುಕಬಲ್ಲವು ಅಂತ ನೀನೇ ಹೇಳಿದ್ದೆ. ಇದನ್ನ ನನ್ನ ಕೈಲಾಗೋವರೆಗೆ ಸಾಕ್ತೀನಿ. ಸಮುದ್ರದಲ್ಲಿ ಆರಾಮವಾಗಿರೋ ಇನ್ನೊಂದನ್ನ ಹಿಡಿಸಿ ತರಬೇಡ. ನಿನಗೆ ಸಾಕಬೇಕು ಅನ್ನಿಸಿದರೆ ಬಂದು ಇದನ್ನೇ ನೋಡ್ಕೋ."

ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ, "ಡಿಸೆಂಬರಿಗೆ ರಜಾ ಹಾಕ್ತೀನಮ್ಮ. ಕಾಪುಗೆ ನಾನೇ ಕರ್ಕೊಂಡು ಹೋಗ್ತೀನಿ" ಎಂದ.

ಹೋಳಿಗೆಗೆ ತುಪ್ಪ ಬೇಕೆಂದು ನಾನು ಫ್ರಿಜ್ಜು ತೆಗೆದೆ. ಮೇಲಿನ ಫ್ರೀಜರಿನಲ್ಲಿ ತುರಿದ ತೆಂಗಿನಕಾಯಿ, ಬಿಡಿಸಿಟ್ಟ ಅವರೆಕಾಳಿನ ಪಕ್ಕ ಒಂದು ಡಬ್ಬಿ ಇತ್ತು. ಅದರ ಮೇಲೆ ಅಕ್ಕನ ದುಂಡು ಅಕ್ಷರದ ಚೀಟಿ: 'ಮೀನಿನ ಸೊಪ್ಪು. ಯಾರೂ ಸಾರಿಗೆ ಹಾಕಬೇಡಿ.'